ಅಂಕಲ್ ಕಾಲಿನ ನೆರಳು

ಅಡಿಲೇಡ್‌ನ ಉತ್ತರಕ್ಕೆ, ಮೂಲನಿವಾಸಿಗಳ ಜಮೀನಿನ ತೊರೆಯೊಂದರ ದಡದಲ್ಲಿ ಕುಳಿತಿದ್ದೇನೆ. ಮೀನುಗಳು ಮರಳಿ ಬರಲೆಂದು ಹೋದ ವರ್ಷ ಈ ಊರಿನವರು ನೀರಿಗೆ ಒಣಮರದ ಕೊಂಬೆಗಳನ್ನು ಇಳಿಸಿದ್ದರು. ಮೀನು ಬಂದಿವೆಯೇ ಎಂದು ನೋಡುವುದು ನನ್ನ ಕೆಲಸ.

ನಾನು ಬಲೆ ಬಿಡಿಸುವಷ್ಟರಲ್ಲಿ, ಊರು ನೋಡಬೇಕೆಂದಿದ್ದಕ್ಕೆ ಅಡಿಲೇಡ್‌ನ ಮಾಡ್ಬರಿ ಬಡಾವಣೆಯಿಂದ ನಾನೇ ಕಾರಿನಲ್ಲಿ ಕರೆತಂದಿದ್ದ, ನಮ್ಮ ಪರಿಚಯದ ಡಾಕ್ಟರ್ ಅಂಕಲ್ ಪ್ಯಾಂಟ್ ಮಡಚಿ ನೀರಿಗಿಳಿದು ಕೊಂಬೆಗಳನ್ನೆಲ್ಲ ದಡಕ್ಕೆ ಎಳೆದುಹಾಕಿದ್ದರು.

“ಎಷ್ಟು ಕಸ ಇತ್ತಮ್ಮ, ಕ್ಲೀನ್ ಮಾಡ್ಬಿಟ್ಟೆ.”

“ಅಂಕಲ್, ಅದು ಮೀನಿನ ಮನೆ.”

ಊರಿನ ಹಿರಿಯರಾದ ಮೇಜಿ ಆಂಟಿ ಬಂದರು. ಬೈಯುತ್ತಾರೆಂದುಕೊಂಡೆ. ಅವರು ನೀರನ್ನೇ ನೋಡುತ್ತ, “ಡಾಕ್ಟರೇ, ಅಲ್ಲಾಡಬೇಡಿ” ಎಂದರು. ಸಣ್ಣ ಮೀನುಗಳು ಅಂಕಲ್ ಕಾಲಿನ ನೆರಳಿಗೆ ಬಂದು ಸೇರಿದ್ದವು.

“ಎಷ್ಟೊತ್ತು?”

“ಕೊಂಬೆ ವಾಪಸ್ ನೀರಿಗೆ ಇಳಿಸೋಕೆ ನಾನು ಜನ ಕರ್ಕೊಂಡು ಬರೋವರೆಗೆ.”

ಆಂಟಿ ಹೋಗಿದ್ದಾರೆ. ವರದಿಯ ಹಾಳೆಯಲ್ಲಿ ‘ಮೀನುಗಳಿವೆ’ ಎಂದು ಬರೆದೆ. ‘ಎಲ್ಲಿ’ ಎಂಬುದರ ಮುಂದೆ ಏನು ಬರೆಯಬೇಕೋ ತಿಳಿಯುತ್ತಿಲ್ಲ. ಅಂಕಲ್ ಇನ್ನೂ ನಿಂತೇ ಇದ್ದಾರೆ.