ಬೀರುಗಳ ನಡುವೆ ದಾರಿ ತೋರಿಸುವ ಇಂದಿರ

ಶ್ರೀರಂಗಪಟ್ಟಣದ ಮೊದಲ ಬಸ್ಸು ಕೆ.ಆರ್. ಪೇಟೆ ತಲುಪುವಾಗ ಕಾಲೇಜಿನ ಅಂಗಳದಲ್ಲಿ ಇನ್ನೂ ಕಸ ಗುಡಿಸುತ್ತಿರುತ್ತಾರೆ. ಬಸ್ಸಿಳಿದ ಇಂದಿರ ನೇರವಾಗಿ ಗ್ರಂಥಾಲಯಕ್ಕೆ ಬರುತ್ತಾರೆ. ಹಿಂದಿನ ದಿನ ಮಕ್ಕಳು ಅಲ್ಲಲ್ಲಿ ಬಿಟ್ಟುಹೋದ ಪುಸ್ತಕಗಳನ್ನು ಒಂದೊಂದಾಗಿ ಅವುಗಳ ಜಾಗಕ್ಕೆ ಸೇರಿಸುತ್ತಾರೆ. ಗ್ರಂಥಪಾಲಕಿಯ ದಿನ ಶುರುವಾಗುವುದು ಹೀಗೆ.

ಅವರು ಬರುವ ಮೊದಲು ಬೀರುಗಳ ಹತ್ತಿರ ವಿದ್ಯಾರ್ಥಿಗಳು ಸುಳಿಯುವಂತಿರಲಿಲ್ಲ. ಕಿಟಕಿಯಲ್ಲಿ ಚೀಟಿ ಕೊಟ್ಟರೆ ಯಾವುದೋ ಪುಸ್ತಕ ಬರುತ್ತಿತ್ತು. ಹೆಚ್ಚಿನವರು ಗೈಡು ಓದಿಯೇ ಡಿಗ್ರಿ ಮುಗಿಸುತ್ತಿದ್ದರು. “ಮಕ್ಕಳೇ ಒಳಗೆ ಬಂದು ಹುಡುಕಲಿ ಸಾರ್, ನಾನು ಹೇಳ್ಕೊಡ್ತೀನಿ” ಎಂದು ಇಂದಿರ ಪ್ರಾಂಶುಪಾಲ ರಂಗಸ್ವಾಮಿಯವರ ಬೆನ್ನು ಬಿದ್ದರು. ಒಂದು ಪುಸ್ತಕ ಕಳೆದರೂ ಬಾಗಿಲಿಗೆ ಬೀಗ ಎಂಬ ಷರತ್ತಿನ ಮೇಲೆ ಅವರು ಒಪ್ಪಿದರು.

ಪುಸ್ತಕಗಳ ವಿವರ ಬರೆದಿಟ್ಟ ಕಾರ್ಡಿನ ಪೆಟ್ಟಿಗೆಯಲ್ಲಿ ವಿಷಯ ಹುಡುಕುವುದು, ಸಂಖ್ಯೆ ಹಿಡಿದು ಬೀರು ತಲುಪುವುದು, ಬರೆದವರು ಯಾರು, ಯಾವ ಇಸವಿಯದು ಎಂದು ನೋಡುವುದು, ಒಂದನ್ನೇ ನಂಬದೆ ಇನ್ನೊಂದು ಪುಸ್ತಕ ತೆರೆಯುವುದು. ಇಷ್ಟೇ ಅವರ ಪಾಠ.

ಕಿಕ್ಕೇರಿಯ ರೈತರ ಮಗಳು ಸುನಿತಾ ನಗುತ್ತಾಳೆ: “ಗೈಡು ಉರು ಹೊಡುದ್ರೆ ಸಾಕು ಅಂತಿದ್ದೆ. ನಮ್ಮ ಇಪ್ಪನೇರಳೆ ಎಲೆ ಮ್ಯಾಲೆ ಬೂದಿ ಉದುರ್ದಂಗಾಗಿತ್ತು. ಏನು ಅಂತ ಕೇಳುದ್ರೆ ಮೇಡಂ ಉತ್ರ ಹೇಳ್ನಿಲ್ಲ, ಕಾರ್ಡು ತೋರುಸ್ಬುಟ್ರು! ಎಲ್ಡು ಪುಸ್ತಕ ತಾಳೆ ನೋಡಿ ಅದ್ಯಾವ ರೋಗ ಅಂತ ನಾನೇ ಅವ್ವಂಗೆ ಹೇಳ್ದೆ.”

ಕಳೆದ ವರ್ಷ, ೧೯೯೫ರಲ್ಲಿ, ಸುನಿತಾ ತಾಳೆ ನೋಡಿದ್ದ ಆ ಎರಡರಲ್ಲಿ ಒಂದು, ಸಸ್ಯರೋಗಗಳ ಪುಸ್ತಕ, ಕಾಣೆಯಾಯಿತು. ಬಾಗಿಲಿಗೆ ಬೀಗ ಬಿತ್ತು. “ಊಟವೇ ಸೇರ್ತಿರಲಿಲ್ಲ. ಮಕ್ಕಳನ್ನು ನಂಬಿದ್ದು ತಪ್ಪಾಯ್ತೇನೋ ಅನ್ನಿಸ್ತು” ಎನ್ನುತ್ತಾರೆ ಇಂದಿರ.

ಮೂರನೆಯ ದಿನ ಸುನಿತಾ ಗೆಳತಿಯರೊಡನೆ ಬಂದು ನಿಂತಳು. “ಅದುನ್ನ ಕೊನೇಲಿ ಓದ್ದೋಳು ನಾನೇ ಮೇಡಂ. ಕದ್ದಿಲ್ಲ. ಒಳೀಕೆ ಬುಡಿ, ಹುಡುಕ್ತೀವಿ.”

ಪ್ರಾಂಶುಪಾಲರು ಒಂದು ಶನಿವಾರ ಕೊಟ್ಟರು. ಹುಡುಗಿಯರು ಬೀರುಗಳನ್ನು ಹಂಚಿಕೊಂಡು, ಪುಸ್ತಕಗಳ ಬೆನ್ನ ಮೇಲಿನ ಸಂಖ್ಯೆಗಳನ್ನು ಓದುತ್ತ ಸಾಗಿದರು. ಸಂಜೆ ಹೊತ್ತಿಗೆ ಅದು ನಿಘಂಟುಗಳ ಸಾಲಿನಲ್ಲಿ ಸಿಕ್ಕಿತು. ಇಂಗ್ಲಿಷಿನ ಒಂದು ಪದದ ಅರ್ಥ ನೋಡಲು ಹೋದ ಸುನಿತಾ ಅದನ್ನು ಅಲ್ಲೇ ಮರೆತಿದ್ದಳು.

“ಅರ್ಥ ಸಿಕ್ತೇನಮ್ಮಾ?” ರಂಗಸ್ವಾಮಿ ಕೇಳಿದರು.

“ಸಿಕ್ತು ಸಾರ್, ಬೂದಿರೋಗ ಅಂತ.”

ಅವರು ಬಾಗಿಲಲ್ಲಿ ನೇತಾಡುತ್ತಿದ್ದ ಬೀಗ ತೆಗೆದುಕೊಂಡು ತಮ್ಮ ಕೋಣೆಗೆ ಹೋದರು. ಅದು ಇವತ್ತಿಗೂ ವಾಪಸು ಬಂದಿಲ್ಲ.

ಈಗ ಚಿನಕುರಳಿ, ನಾಗಮಂಗಲದ ಕಡೆಯ ಮಕ್ಕಳೂ ಮೊದಲ ಗಂಟೆ ಹೊಡೆಯುವ ಮುಂಚೆಯೇ ಇಲ್ಲಿರುತ್ತಾರೆ. “ಲೇ, ಮೊದ್ಲು ಇಸ್ವಿ ನೋಡೆ” ಎಂದು ಸುನಿತಾ ಕಿರಿಯಳೊಬ್ಬಳನ್ನು ಗದರುತ್ತಿದ್ದಾಳೆ.

ಹೊರಡುವ ಮುನ್ನ ನಾನು ಇಂದಿರ ಅವರನ್ನು, ನಿಮಗೇನು ಬೇಕು ಎಂದು ಕೇಳಿದೆ. ಕೋಣೆಯನ್ನೊಮ್ಮೆ ಕಣ್ಣಳತೆ ಮಾಡಿ ಹೇಳಿದರು: “ಇನ್ನೊಂದು ಉದ್ದದ ಬೆಂಚು ಕೊಟ್ಟರೆ ಸಾಕು. ಮಕ್ಕಳು ನಿಂತ್ಕೊಂಡೇ ಓದ್ತಿದಾವೆ.”