ಅಕ್ಕನ ನಡಿಗೆ

ದಾವಣಗೆರೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಹಾಲೇಶಪ್ಪ ಅರವತ್ತರ ದಶಕದಲ್ಲಿ ಮುಪ್ಪು ಹೇಗೆ ಬರುತ್ತದೆಂದು ತಿಳಿಯಲು ಹಾಲಿನ ಸೀಸೆಗಳಲ್ಲಿ ಹಣ್ಣುನೊಣಗಳನ್ನು ಸಾಕಿದ್ದರು. ಸೀಸೆಯನ್ನು ಮೇಜಿಗೆ ತಟ್ಟಿದರೆ ನೊಣಗಳೆಲ್ಲ ತಳಕ್ಕೆ ಬೀಳುತ್ತಿದ್ದವು. ಎಳೆಯವು ಸರಸರನೆ ಗಾಜು ಹತ್ತುತ್ತಿದ್ದವು. ಮುಪ್ಪಾದವು ಸ್ವಲ್ಪ ಹತ್ತಿ, ನಿಂತು, ಜಾರುತ್ತಿದ್ದವು. ಸಾವಿಗೆ ಹತ್ತಿರವಾದವು ಆಹಾರವನ್ನೂ ಮುಟ್ಟದೆ ಹರಿದ ರೆಕ್ಕೆಗಳೊಂದಿಗೆ ತಳದಲ್ಲೇ ಉಳಿಯುತ್ತಿದ್ದವು.

ಹರಿಹರದ ಮನೆಯಲ್ಲಿ ಅವರ ಜೊತೆಗಿದ್ದವಳು ವಿಧವೆ ಅಕ್ಕ ಉಡಚಮ್ಮ. ತಾಯಿಯಿಲ್ಲದ ತಮ್ಮನನ್ನು ಸಾಕಿದವಳು ಅವಳೇ. ಒಂದು ಬೆಳಿಗ್ಗೆ ಹೊಳೆಯಿಂದ ಕೊಡ ಹೊತ್ತು ಬರುತ್ತಿದ್ದ ಅಕ್ಕ ಮೆಟ್ಟಿಲ ನಡುವೆ ನಿಂತಳು. ಮತ್ತೆ ಹತ್ತಿದಳು, ಮತ್ತೆ ನಿಂತಳು. ಹಾಲೇಶಪ್ಪನವರಿಗೆ ಸೀಸೆಯ ಮುಪ್ಪಾದ ನೊಣಗಳು ನೆನಪಾದವು. ಅಂದಿನಿಂದ ಅವಳ ಕಾಲುಗಳನ್ನೂ, ತಟ್ಟೆಯಲ್ಲಿ ಅವಳು ಬಿಟ್ಟ ರೊಟ್ಟಿಯನ್ನೂ ಗಮನಿಸದೆ ಇರಲು ಅವರಿಂದಾಗಲಿಲ್ಲ.

"ಯಾಕ ತಮ್ಮಾ, ನನ್ನ ಹಂಗೆ ನೋಡ್ತೀಯ?" ಎಂದಳು ಅಕ್ಕ ಒಂದು ದಿನ.

"ಏನಿಲ್ಲಕ್ಕ. ಡಾಕ್ಟರ ಹತ್ರ ಹೋಗಾಣ ಬಾ."

"ವಯಸ್ಸಾತು, ಅದಕ್ಯಾತರ ಔಷಧಿ? ನೋಡಾದು ಬಿಡು, ಕೂತು ಮಾತಾಡು. ನಿನ್ನ ಕಣ್ಣು ಕಂಡ್ರೆ ಹೆದರಿಕೆ ಆಗ್ತೈತೆ."

ಅವರು ಪಕ್ಕದಲ್ಲಿ ಕೂತರು. ಅವಳು ಹುಟ್ಟೂರಿನ, ಅಪ್ಪನ ಮಾತು ತೆಗೆದಳು. ಹಾಲೇಶಪ್ಪ ಹೂಂಗುಟ್ಟುತ್ತ ಅವಳ ನಡುಗುವ ಬೆರಳುಗಳನ್ನೇ ನೋಡುತ್ತಿದ್ದರು.

ಮಳೆಗಾಲಕ್ಕೆ ಮುಂಚೆ ಅಕ್ಕ ತೀರಿಕೊಂಡಳು. ಕೊನೆಯ ದಿನಗಳಲ್ಲಿ ಅವಳು ಏನು ಹೇಳಿದಳೆಂದು ನೆಂಟರು ಕೇಳಿದಾಗ ಹಾಲೇಶಪ್ಪನವರಿಗೆ ಒಂದು ಮಾತೂ ನೆನಪಿಗೆ ಬರಲಿಲ್ಲ.