ಅವಳ ತುಟಿ, ನನ್ನ ದನಿ

ಕುವೈತಿನ ಕನ್ನಡದ ಮಕ್ಕಳಿಗೆ ನನ್ನನ್ನು ಕಂಡರೆ ಭಯ. ಯಾವುದಾದರೂ ಮಗು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ, ಕೊಡಲು ಚಾಚಿದ ಚಕ್ಕುಲಿಯನ್ನು ಹಿಂದಕ್ಕೆ ಎಳೆದುಕೊಂಡು, "ಕನ್ನಡದಲ್ಲಿ ಕೇಳು, ಕೊಡ್ತೀನಿ" ಅನ್ನುವವಳು ನಾನು. ಮೈಸೂರಿನವಳು, ಬ್ಯಾಂಕಿನ ಕೆಲಸ, ದನಿ ಜೋರು, ಸಿಟ್ಟು ಮೂಗಿನ ತುದಿಯಲ್ಲೇ. ಹೀಗಿರುವ ನಾನು ಈಗ ಒಬ್ಬಳು ಹುಡುಗಿಯ ಹತ್ತಿರ ಮಾತ್ರ ಇಂಗ್ಲಿಷ್ ಬಿಟ್ಟು ಬೇರೇನೂ ಮಾತಾಡುವುದಿಲ್ಲ. ಇದಕ್ಕೆಲ್ಲ ಮೂಲ ಇಟಲಿಯ ಒಂದು ಹಳೆಯ ಸಿನಿಮಾ ಎಂದರೆ ಜನ ನಗುತ್ತಾರೆ. ನಗಲಿ.

ಸಾಲ್ಮಿಯಾದಲ್ಲಿ ನಮ್ಮದೊಂದು ಶುಕ್ರವಾರದ ಕೂಟವಿತ್ತು. ತೈಲ ಕಂಪನಿಯ ಎಂಜಿನಿಯರೊಬ್ಬರ ಮನೆಯಲ್ಲಿ ಸಿನಿಮಾ, ಆಮೇಲೆ ಬಿಸಿಬೇಳೆಬಾತು. ಅವರಿಗೆ ಸಿನಿಮಾದ ಹುಚ್ಚು ತಲೆಗೇರಿತ್ತು, ನಾವು ತಮಾಷೆಗೆ ಅವರನ್ನು ನಿರ್ದೇಶಕರೇ ಎಂದು ಕರೆಯುತ್ತಿದ್ದೆವು. ಕಡಲತಡಿಯ ತನ್ನ ಬಾಲ್ಯದ ಊರನ್ನು ನೆನೆಯುವವನ ಆ ಇಟಲಿಯ ಸಿನಿಮಾ ತೋರಿಸಿದ ದಿನ, ಅದರ ಹಿಂದಿನ ಜನರ ಬಗ್ಗೆ ಅವರು ಕೊರೆದದ್ದು ಸಿನಿಮಾಕ್ಕಿಂತ ಉದ್ದವಾಯಿತು. ಅದನ್ನು ತೆಗೆದವನು ತನ್ನ ಊರಿಗೆ ಹೋಗಲೇ ಇಲ್ಲವಂತೆ. ಬಡಗಿಗಳು, ಬಣ್ಣದವರು ಸೇರಿ ಇಡೀ ಊರನ್ನು ಸ್ಟುಡಿಯೋದಲ್ಲೇ ಕಟ್ಟಿದರಂತೆ. ಕಡಲು ಕೂಡ ಪ್ಲಾಸ್ಟಿಕ್ ಹಾಳೆ. ಮುಖ ಹಿಡಿಸಿದರೆ ಸಾಕು, ಎಲ್ಲಿಂದಲೋ ಜನರನ್ನು ಕರೆತಂದು ನಿಲ್ಲಿಸುತ್ತಿದ್ದನಂತೆ. ಮಾತು ಬಾಯಿಪಾಠ ಬೇಡ, ಒಂದು ಎರಡು ಮೂರು ಎಂದು ಎಣಿಸಿದರೆ ಆಯಿತು. ಆಮೇಲೆ ಬೇರೆ ಯಾರೋ ಬಂದು ಆ ತುಟಿಗಳಿಗೆ ದನಿ ಕೂರಿಸುತ್ತಿದ್ದರು.

"ನೆನಪಲ್ಲಿ ಜನ ಅವರವರ ದನೀಲೇ ಮಾತಾಡ್ತಾರೆ ಅಂತ ಯಾರ್ರೀ ಹೇಳಿದ್ದು?" ಎಂದು ನಿರ್ದೇಶಕರು ನಮ್ಮನ್ನೆಲ್ಲ ಸವಾಲಿನಂತೆ ಕೇಳಿದರು. ಹಸಿವಾಗಿತ್ತು, ನಾವು ತಲೆಯಾಡಿಸಿದೆವು.

ಅಷ್ಟಕ್ಕೇ ಬಿಡಲಿಲ್ಲ. ನಾವೂ ಹಾಗೇ ಒಂದು ಚಿಕ್ಕ ಸಿನಿಮಾ ಮಾಡೋಣ ಎಂದು ಹೊರಟರು. ಕರಾವಳಿಯ ಅಮ್ಮನೊಬ್ಬಳನ್ನು ಮಗ ನೆನೆಯುವ ಕಥೆ. ಅಬು ಹಲೀಫಾದ ಒಂದು ಫ್ಲ್ಯಾಟಿನ ಅಡುಗೆಮನೆಯಲ್ಲಿ ಉಡುಪಿಯ ಒಲೆ ಎದ್ದಿತು. ಸಮುದ್ರದ ದಂಡೆಯಲ್ಲಿ ಕ್ಯಾಮೆರಾ ಇಡಬೇಕಾದರೆ ಅನುಮತಿಗೆ ಅಲೆಯಬೇಕು, ಯಾರಿಗೆ ಬೇಕು ಎಂದು ಕಟ್ಟಡದ ತಳದ ಪಾರ್ಕಿಂಗಿನಲ್ಲಿ ನೀಲಿ ಟಾರ್ಪಾಲು ಹಾಸಿದೆವು. ನಿಜವಾದ ಕಡಲು ಎರಡು ಬೀದಿ ಆಚೆಗಿತ್ತು. ಇಲ್ಲಿ ನಾನು ಮತ್ತು ಒಬ್ಬ ದಂತವೈದ್ಯರು ಟಾರ್ಪಾಲಿನ ತುದಿ ಹಿಡಿದು ತೋಳು ಬಿದ್ದುಹೋಗುವಷ್ಟು ಅಲೆ ಎಬ್ಬಿಸುತ್ತಿದ್ದೆವು.

ಅಮ್ಮನ ಪಾತ್ರಕ್ಕೆ ಸಿಕ್ಕಿದವಳು ಜಹ್ರಾದ ಒಂದು ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂರುತ್ತಿದ್ದ ಹೆಂಗಸು. ಮನೆಮಾತು ತುಳು, ಗಂಡ ಹೋಟೆಲಿನಲ್ಲಿ ಸೂಪರ್‌ವೈಸರ್, ಒಬ್ಬಳೇ ಪುಟ್ಟ ಮಗಳು. ಅವಳ ಮುಖ ನೋಡಿದರೆ ಹಸಿವಾದವರಿಗೆ ಊಟ ಕೇಳಬೇಕು ಅನ್ನಿಸುತ್ತಿತ್ತು.

"ನಂಗೆ ನಿಮ್ಮ ಹಾಗೆ ಕನ್ನಡ ಬರುದಿಲ್ಲ ಮಾರಾಯ್ರೆ. ನಾನು ಬಾಯಿ ಬಿಟ್ರೆ ಎಲ್ಲ ನಗ್ತಾರೆ" ಎಂದಳು.

"ಮುಖ ಕೊಡಿ ಸಾಕು, ಮಾತು ಆಮೇಲೆ ಹಾಕ್ಕೋತೀವಿ. ಯಲ್ಲಾ, ಶುರು ಮಾಡಿ, ಎಣಿಸಿ!" ಎಂದರು ನಿರ್ದೇಶಕರು.

ಅವಳು ಎಣಿಸುತ್ತಾ ಒಲೆ ಊದಿದಳು, ಎಣಿಸುತ್ತಾ ಮಗನಿಗೆ ಬೈದಳು, ಎಣಿಸುತ್ತಾ ಅತ್ತಳು. ದನಿ ಕೊಟ್ಟವಳು ನಾನು. ಸಿನಿಮಾ ತೋರಿಸಿದ ದಿನ ಅವಳು ನನ್ನ ತೊಡೆಗೆ ಹೊಡೆದು ನಕ್ಕಳು. "ಅಯ್ಯೋ ಅಕ್ಕ, ನನ್ನ ಬಾಯೊಳಗೆ ನೀವು ಹೋಗಿ ಕೂತಿದ್ದೀರಿ!"

ಮರುವರ್ಷ ಆ ಸೋಂಕು ಬಂತು. ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂತವಳಿಗೆ ತಪ್ಪೀತೇ? ಆಸ್ಪತ್ರೆಗೆ ಫೋನ್ ಹಿಡಿದುಕೊಂಡು ಹೋದಳು. ಅವಳೂ ಬರಲಿಲ್ಲ, ಫೋನೂ ಬರಲಿಲ್ಲ. ಊರಿಗೆ ಒಯ್ಯಲು ವಿಮಾನವಿರಲಿಲ್ಲ, ಸುಡಲು ಇಲ್ಲಿ ಅವಕಾಶವಿಲ್ಲ. ಜಾತಿ ಧರ್ಮ ನೋಡದೆ ಮರಳು ಅವಳನ್ನು ಒಳಗೆ ತೆಗೆದುಕೊಂಡಿತು. ಅವಳ ಗಂಡ ತಿಂಗಳೊಳಗೆ ತನ್ನ ಫೋನಿನಲ್ಲಿದ್ದ ಅವಳ ಮಾತು, ವೀಡಿಯೋ ಎಲ್ಲವನ್ನೂ ಅಳಿಸಿಹಾಕಿದ. ಕೇಳಿ ಬದುಕಲಾರೆ ಅನ್ನಿಸಿತಂತೆ. ಆಮೇಲೆ ಹಣೆ ಚಚ್ಚಿಕೊಂಡು ಊರಿನ ನೆಂಟರನ್ನೆಲ್ಲ ಕೇಳಿದ. ಅವರ ಫೋನುಗಳಲ್ಲಿ ಗುಡ್ ಮಾರ್ನಿಂಗ್ ಹೂವುಗಳಿದ್ದವು, ಇವಳಿರಲಿಲ್ಲ.

ಉಳಿದದ್ದು ನಮ್ಮ ಸಿನಿಮಾ ಒಂದೇ. ಅಪ್ಪನಿಗೆ ಹೋಟೆಲಿನ ಕೆಲಸ, ಮಗಳು ಬೆಳೆದದ್ದು ಪಕ್ಕದ ಮಲಯಾಳಿಗಳ ಮನೆಯಲ್ಲಿ. ಬಾಯಲ್ಲಿದ್ದ ನಾಲ್ಕು ತುಳು ಮಾತೂ ಹೋದವು. ಆದರೆ ಕನ್ನಡ ಮಾತ್ರ ಸ್ವಚ್ಛ. ಕೂಟದ ಮಕ್ಕಳ ಮುಂದೆ ಅವಳನ್ನು ನಿಲ್ಲಿಸಿ, "ನೋಡಿ ಕಲಿತ್ಕೊಳ್ಳಿ, ಕರಾವಳಿ ಹುಡುಗಿ ಮೈಸೂರು ಕನ್ನಡ ಹೇಗೆ ಮಾತಾಡ್ತಾಳೆ" ಎಂದು ನಾನು ಬೀಗಿದ್ದೂ ಉಂಟು. ಎಲ್ಲಿಂದ ಕಲಿತಳು ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ.

ಬಂದದ್ದು ಈ ಯುಗಾದಿಗೆ. ಒಬ್ಬಟ್ಟು ತೆಗೆದುಕೊಂಡು ಅವರ ಮನೆಗೆ ಹೋಗಿದ್ದೆ. ಹುಡುಗಿಗೆ ಈಗ ಹತ್ತು ವರ್ಷ. ಬಡಿಸುತ್ತಾ ಅಭ್ಯಾಸಬಲದಿಂದ, "ಬಾ ಕಂದ, ಆರಿಹೋಗತ್ತೆ" ಎಂದೆ. ಅದು ನಮ್ಮ ಸಿನಿಮಾದ ಮಾತು. ಹುಡುಗಿ ಬಾಗಿಲಲ್ಲೇ ನಿಂತುಬಿಟ್ಟಳು.

"ಆಂಟಿ! ನೀವು ಸೇಮ್ ಮಮ್ಮಿ ತರ ಮಾತಾಡ್ತೀರಾ!"

ಅವಳಪ್ಪ ಕೈಯಲ್ಲಿದ್ದ ತುಪ್ಪದ ಸೌಟನ್ನು ಕೆಳಗಿಟ್ಟ. ನಾನು ಹೊರಡುವಾಗ ಲಿಫ್ಟಿನ ತನಕ ಬಂದ.

"ಅವಳಿಗೆ ಅಮ್ಮ ಅಂದ್ರೆ ನಿಮ್ಮ ಸ್ವರವೇ ಅಕ್ಕ. ದಿನಾ ರಾತ್ರಿ ಆ ಸಿನಿಮಾ ನೋಡಿಯೇ ಮಲಗುದು. ಅಮ್ಮನ ಸ್ವರ ಬೇರೆ ಇತ್ತು ಅಂತ ನಾನು ಹೇಳಿದ್ರೆ ನಂಬುದಿಲ್ಲ. ಈಗ ನಂಗೂ ಸರಿ ನೆನಪಾಗುದಿಲ್ಲ. ಆಗ ಅವಳು ಎಣಿಸಿದ್ದು ಉಂಟಲ್ಲ, ಅದು ಎಲ್ಲಿಯಾದ್ರೂ ಸಿಕ್ಕೀತಾ?"

ನಿರ್ದೇಶಕರು ನಿವೃತ್ತರಾಗಿ ಊರಿಗೆ ಹೊರಟಿದ್ದರು. ಮನೆಯೆಲ್ಲ ಪೆಟ್ಟಿಗೆಗಳು. "ಹಳೇ ಹಾರ್ಡ್ ಡಿಸ್ಕಲ್ಲಿ ಇರಬಹುದು. ಆದ್ರೆ ಬರೀ ಎಣಿಕೆ ಕಣ್ರೀ, ಏನು ಕೇಳ್ತೀರಿ?" ಎಂದು ಗೊಣಗಿದರು.

"ಎಣಿಕೆಯೋ ಗಿಣಿಕೆಯೋ, ಪೆಟ್ಟಿಗೆ ಬಿಚ್ಚಿ" ಎಂದೆ. ಹೊರಡುವ ಮುಂಚಿನ ಶುಕ್ರವಾರ ಅದು ಸಿಕ್ಕಿತು.

ಅಪ್ಪ, ಮಗಳು, ನಾನು ಪೆಟ್ಟಿಗೆಗಳ ಮೇಲೆ ಕೂತೆವು. ಲ್ಯಾಪ್‌ಟಾಪಿನಲ್ಲಿ ಅದೇ ಒಲೆ, ಅದೇ ಮುಖ. ತುಟಿ ತೆರೆಯಿತು. "ಒಂಜಿ, ರಡ್ಡ್, ಮೂಜಿ, ನಾಲ್..." ಎಣಿಸಿ ಎಂದರೆ ಅವಳು ತನ್ನ ತುಳುವಿನಲ್ಲೇ ಎಣಿಸಿದ್ದಳು. ಅಂದು ನಮ್ಮಲ್ಲಿ ಒಬ್ಬರೂ ಅದಕ್ಕೆ ಕಿವಿಗೊಟ್ಟಿರಲಿಲ್ಲ. ಸ್ವಲ್ಪ ಒಡಕು ದನಿ, ಮೂಗಿನಲ್ಲಿ ಎಳೆಯುವ ರಾಗ, "ಏಳ್" ಅಂದಮೇಲೆ ತಡೆಯಲಾರದೆ ಒಂದು ನಗು. ಆ ನಗು ಕೇಳಿದ್ದೇ ಅವಳ ಗಂಡ ಎದ್ದು ಗೋಡೆಯ ಕಡೆ ತಿರುಗಿ ನಿಂತ. ನನಗೂ ಕಣ್ಣು ತುಂಬಿತು. ಬದುಕಿದ್ದಳು, ಅಲ್ಲಿ ಪೂರ್ತಿ ಬದುಕಿದ್ದಳು.

ಹುಡುಗಿ ಕೊನೆಯವರೆಗೂ ನೋಡಿದಳು. ಆಮೇಲೆ ಅಪ್ಪನ ಅಂಗಿ ಎಳೆದಳು.

"ಪಪ್ಪಾ, ಇದು ರಾಂಗ್ ಫೈಲ್. ಇದು ಮಮ್ಮಿ ಅಲ್ಲ."

"ಅಮ್ಮನೇ ಮಗಾ. ಇದೇ ಅಮ್ಮನ ಸ್ವರ."

"ನೋ! ನಂಗೆ ಮಮ್ಮಿ ನೆನಪಿದ್ದಾಳೆ. ದಿನಾ ರಾತ್ರಿ ನನ್ನ ಕರೀತಿದ್ಲು. ಇದು ಯಾರೋ." ನನ್ನ ಕಡೆ ತಿರುಗಿದಳು. "ಆಂಟಿ, ನೀವು ಹೇಳಿ ಪಪ್ಪಂಗೆ."

ನಿರ್ದೇಶಕರು ಲ್ಯಾಪ್‌ಟಾಪ್ ಮುಚ್ಚಿ ಅದರ ತಂತಿ ಸುತ್ತತೊಡಗಿದರು. ನನಗೆ ಯಾರ ಮೇಲೆ ರೇಗಬೇಕೋ ತಿಳಿಯಲಿಲ್ಲ. ಆ ಇಟಲಿಯ ನಟರೂ ಎಣಿಸಿಯೇ ನಟಿಸಿರಬಹುದು. ಸಂಜೆ ಮನೆಗೆ ಹೋಗಿ ಮಕ್ಕಳ ಹತ್ತಿರ ತಮ್ಮ ದನಿಯಲ್ಲೇ ಮಾತಾಡಿರುತ್ತಾರೆ. ಈ ಮಗುವಿನ ಅಮ್ಮನಿಗೆ ಅಂಥ ಸಂಜೆಗಳು ಎಷ್ಟು ಸಿಕ್ಕವು? ನನ್ನ ಗಂಟಲನ್ನೇ ಕಿತ್ತೆಸೆಯಬೇಕು ಅನ್ನಿಸಿತು.

ಅಂದಿನಿಂದ ಆ ಮಗುವಿನ ಜೊತೆ ಕನ್ನಡ ಬಿಟ್ಟಿದ್ದೇನೆ. ಇಂಗ್ಲಿಷಿನಲ್ಲಿ ನನ್ನ ದನಿ ಬೇರೆಯೇ ಇದೆ, ಬ್ಯಾಂಕಿನದು. ಅವಳಪ್ಪ ದಿನಾ ಊಟದ ಹೊತ್ತಿಗೆ ಎಣಿಕೆಯನ್ನು ಹಾಕುತ್ತಾನಂತೆ, ಕಿವಿಗೆ ಬೀಳುತ್ತಾ ಬೀಳುತ್ತಾ ಹಳೆಯ ನೆನಪು ಮರಳಿ ಬಂದೀತೆಂದು. ಅವಳು ತಟ್ಟೆ ಎತ್ತಿಕೊಂಡು ಕೋಣೆಗೆ ಹೋಗಿಬಿಡುತ್ತಾಳಂತೆ.

ಮೊನ್ನೆ ಅವಳಿಗೆ ಜ್ವರ. ಅಪ್ಪನ ಫೋನಿನಿಂದ ನನಗೆ ಕರೆ ಮಾಡಿದಳು. "ಆಂಟಿ, ಇಂಗ್ಲಿಷ್ ಬೇಡ. ಒಂದೇ ಒಂದು ಸಲ 'ಬಾ ಕಂದ' ಅನ್ನಿ, ಮಲಗ್ತೀನಿ."

ಹಿಂದುಗಡೆ ಅವಳಮ್ಮ ಎಣಿಸುತ್ತಿರುವುದು ಸಣ್ಣಗೆ ಕೇಳುತ್ತಿತ್ತು. ಗಂಟಲು ಕೆಟ್ಟಿದೆ ಎಂದು ಇಂಗ್ಲಿಷಿನಲ್ಲಿ ಹೇಳಿ ಫೋನಿಟ್ಟೆ.